ಎದುರಂಗಡಿಯ ಸದ್ದು

ಖಚ್.

ಅವಳು ಎದ್ದು ಕೂತಳು. ಇನ್ನೊಮ್ಮೆ ಕೇಳಿಸೀತೆಂದು ಉಸಿರು ಬಿಗಿಹಿಡಿದಳು. ಬೀದಿಯಾಚೆಯ ಬೈಂಡಿಂಗ್ ಅಂಗಡಿಗೆ ಬೀಗ ಬಿದ್ದು ತಿಂಗಳಾಗುತ್ತ ಬಂದಿತ್ತು.

"ರೀ, ಕೇಳಿಸ್ತಾ? ಅಜ್ಜನ ಕಟಿಂಗ್ ಮಷಿನ್ನು."

"ಇಲಿಗಳು ಬೈಂಡಿಂಗ್ ಕಲೀತಿರಬೇಕು. ಮಲ್ಕೋ," ಗಂಡ ಮಗ್ಗುಲಾದ. "ಅಂಗಡಿ ಮುಚ್ಚಿಸಿದ್ದೂ ಆಯ್ತು, ಇನ್ನೂ ಆ ಕಡೇಗೇ ಕಿವಿ."

ಅವನದು ತಮಾಷೆಯ ಮಾತು. ಅವಳಿಗೆ ಬೆಳಗಿನವರೆಗೂ ನಿದ್ದೆ ಹತ್ತಲಿಲ್ಲ.

ಕಾಲೇಜಿನ ಗೇಟಿನೆದುರು ಅವಳದೂ ಆ ಅಜ್ಜನದೂ ಎರಡು ಬೈಂಡಿಂಗ್ ಅಂಗಡಿಗಳು ಮುಖಕ್ಕೆ ಮುಖ ಕೊಟ್ಟು ನಿಂತು ಎಷ್ಟೋ ವರ್ಷವಾಗಿತ್ತು. ಪರೀಕ್ಷೆಯ ಕಾಲಕ್ಕೆ ಒಬ್ಬರಿಗೆ ಕೈಮೀರುವಷ್ಟು ಕೆಲಸ ಬಂದರೆ ಉಳಿದದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ವಾಡಿಕೆ. "ಏನಮ್ಮಾ, ನನ್ನ ಪಾಲನ್ನೂ ನೀನೇ ನುಂಗಿದ್ಯಾ?" ಎಂದು ಅಜ್ಜ ಮೆಟ್ಟಿಲ ಮೇಲಿಂದಲೇ ಕೂಗುತ್ತಿದ್ದ, ಅವಳು ನಗುತ್ತ ಒಂದು ಹೊರೆ ಹೊತ್ತು ಬೀದಿ ದಾಟುತ್ತಿದ್ದಳು. ಕಾಲೇಜಿನವರು ಪ್ರಬಂಧಗಳನ್ನು ಕಂಪ್ಯೂಟರಿನಲ್ಲೇ ತೆಗೆದುಕೊಳ್ಳತೊಡಗಿದ ಮೇಲೆ ಒಂದೇ ಅಂಗಡಿಗೆ ಸಾಲುವಷ್ಟು ಕೆಲಸ ಉಳಿಯಿತು. ಅವಳಿಗೆ ದಿಗಿಲಾಯಿತು. ಅದೇ ಕಾಲೇಜಿನ ಸಂಜೆ ತರಗತಿ ಸೇರಿದಳು. ವ್ಯಾಪಾರದ ತಂತ್ರಗಳ ಹಿಂದಿರುವ ಅರ್ಥಶಾಸ್ತ್ರ ಅಲ್ಲಿಯ ಪಾಠ.

"ಎದುರಾಳಿ ಬಾಯಲ್ಲಿ ಏನು ಹೇಳ್ತಾನೆ ಅನ್ನೋದನ್ನ ನಂಬಬೇಡಿ," ಎನ್ನುತ್ತಿದ್ದರು ಮೇಷ್ಟ್ರು. "ಮಾತಿಗೇನು ಖರ್ಚು? ಅವನು ಮೈ ದಂಡಿಸಿ, ಕೈಯಿಂದ ಕಳಕೊಂಡು ಏನು ಮಾಡ್ತಾನೆ, ಅದನ್ನ ನೋಡಿ. ಅಲ್ಲಿ ಅವನ ತಾಕತ್ತು ಗೊತ್ತಾಗುತ್ತೆ."

ಅವಳು ಮೊದಲು ಹೊರೆ ದಾಟಿಸುವುದನ್ನು ನಿಲ್ಲಿಸಿದಳು. ಆಮೇಲೆ ದರ ಇಳಿಸಿ ಬೋರ್ಡು ಹಾಕಿದಳು. ಅಜ್ಜ ಜಗಳಕ್ಕೆ ಬರಲಿಲ್ಲ, ಕೂಗುವುದನ್ನೂ ಬಿಟ್ಟ. ಅದಾದ ಮೇಲೆ ರಾತ್ರಿಗಳಲ್ಲಿ ಅವನ ಯಂತ್ರದ ಸದ್ದು ಶುರುವಾಯಿತು. ತನ್ನಂಗಡಿಯ ಮೇಲೇ ಅವಳ ಮನೆ; ಮಲಗಿದರೆ ತಲೆದಿಂಬಿನೊಳಗೇ ಕತ್ತರಿಸಿದ ಹಾಗೆ. ಇಷ್ಟು ಕೆಲಸ ಇವನಿಗೆಲ್ಲಿಂದ?

ತರಗತಿಯಲ್ಲಿ ಕೇಳಿಯೂ ಬಿಟ್ಟಳು. "ಸರ್, ಎದುರಿನವರು ರಾತ್ರಿಯೆಲ್ಲ ದುಡೀತಾ ಇದ್ರೆ?"

"ಹಾಗಾದ್ರೆ ಅವರಿಗಿನ್ನೂ ಕಸುವಿದೆ ಅಂತರ್ಥ. ನಿಮ್ಮ ಏಟು ತಾಗಿಲ್ಲ."

ಅವಳು ಇನ್ನೂ ಇಳಿಸಿದಳು. ರಟ್ಟು, ಬಟ್ಟೆ, ಗೋಂದಿನ ಖರ್ಚೂ ಹುಟ್ಟದಷ್ಟು. ಅಲ್ಲೊಂದು ಇಲ್ಲೊಂದು ಬರುತ್ತಿದ್ದ ಅವನ ಗಿರಾಕಿಗಳೂ ಇತ್ತ ತಿರುಗಿದರು. ಸದ್ದು ಮಾತ್ರ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಅಜ್ಜ ಯಂತ್ರದ ಬುಡದಲ್ಲಿ ಕುಸಿದು ಬಿದ್ದಿದ್ದ. ಬಲಗಡೆ ಸ್ವಾಧೀನ ತಪ್ಪಿತ್ತು, ಮಾತು ಹೋಗಿತ್ತು. ಮಗಳು ಬಂದು ತನ್ನ ಮನೆಗೆ ಕರೆದೊಯ್ದಳು. ವಿಷಯ ತಿಳಿದ ಮೇಷ್ಟ್ರು, "ಪಾಪ, ಅವರ ಆರೋಗ್ಯದ ವಿಷಯ ಬೇರೆ. ಆದ್ರೆ ನಿಮ್ಮ ಲೆಕ್ಕಾಚಾರ ಸರಿಯಾಗಿತ್ತು. ಕೊನೇ ತರಗತೀಲಿ ನೀವೇ ಎಲ್ಲರಿಗೂ ವಿವರಿಸಬೇಕು," ಎಂದಿದ್ದರು. ಆ ತರಗತಿ ಇಂದು ಸಂಜೆ.

ಬೆಳಿಗ್ಗೆ ಅಜ್ಜನ ಮಗಳು ಬೀಗದಕೈ ಹಿಡಿದು ಬಂದಳು. "ಅಕ್ಕಾ, ಮಷಿನ್ ನೀವೇ ತಗೊಳ್ಳಿ. ಬೇರೆಯವರಿಗೆ ಕೊಡೋಕೆ ಮನಸ್ಸಿಲ್ಲ."

ಬಾಗಿಲು ತೆರೆದಾಗ ಹುಳಿತ ಗೋಂದಿನ ವಾಸನೆ ಬಂತು.

"ಹೇಗಿದಾರಮ್ಮ?"

"ಎಡಗೈ ಒಂದು ಆಡುತ್ತೆ. ಅದನ್ನೂ ಸುಮ್ನೆ ಇಡಲ್ಲ. ಮಲಗಿದಲ್ಲೇ ಹೀಗೆ, ಮೇಲಿಂದ ಕೆಳಗೆ ಎಳೀತಾನೇ ಇರ್ತಾರೆ." ಮಗಳು ಗಾಳಿಯಲ್ಲಿ ಹಿಡಿಕೆ ಜಗ್ಗಿ ತೋರಿಸಿದಳು. "ಹಿಡಕೊಂಡ್ರೆ ಸಿಟ್ಟು ಬರುತ್ತೆ."

ಅವಳು ತಟ್ಟನೆ ಮುಖ ತಿರುಗಿಸಿದಳು. ಯಂತ್ರದ ಹಿಂದೆ ಸೂರು ಮುಟ್ಟುವಂತೆ ಮೂಟೆಗಳನ್ನು ಒಟ್ಟಲಾಗಿತ್ತು. ಏನಾದರೂ ಮಾಡಬೇಕಲ್ಲ ಎಂದು ಒಂದರ ಬಾಯಿ ಬಿಚ್ಚಿದಳು. ಕತ್ತರಿಸಿದ ಕಾಗದದ ಚೂರು. ಒಂದು ಹಿಡಿ ತೆಗೆದಳು. ಪುಸ್ತಕದ ಅಂಚು ಸವರಿದ ಚೂರು ಕೂದಲೆಳೆಯಷ್ಟು ಸಣ್ಣ. ಅದರಲ್ಲಿ ರಟ್ಟಿನ ಬಣ್ಣವೋ ಒಣಗಿದ ಗೋಂದೋ ಇದ್ದೇ ಇರುತ್ತದೆ. ಇದು ಬೆರಳಗಲ, ಎರಡೂ ಬದಿ ಅಚ್ಚ ಬಿಳಿ. ಇನ್ನೊಂದು ಮೂಟೆ ಬಿಚ್ಚಿದಳು. ಅದರಲ್ಲೂ ಅದೇ. ಗೋಡೆಯ ಪಕ್ಕದಲ್ಲಿ ಹೊಸ ಕಾಗದದ ರೀಮುಗಳಿಂದ ಹರಿದ ಹೊದಿಕೆಗಳು ಮಡಿಸಿಟ್ಟಿದ್ದವು.

ರದ್ದಿ ಪೇಪರು ಕತ್ತರಿಸಿದರೆ ಮೆತ್ತನೆಯ ಸದ್ದು. ಹೊಸ ಕಾಗದದ ದಿಂಡಿಗೆ ಮಾತ್ರ ಆ 'ಖಚ್'. ಬೀದಿಯಾಚೆಯವಳ ಕಿವಿಗೆ ಆ ವ್ಯತ್ಯಾಸ ತಿಳಿಯುತ್ತದೆಂದು ಅಜ್ಜನಿಗೆ ಗೊತ್ತಿತ್ತು. ಇವನನ್ನು ಮಣಿಸಲಾಗದೆಂದು ಹೆದರಿಯಾದರೂ ಅವಳು ದರ ಏರಿಸಲಿ ಎಂದು, ಕೆಲಸವಿಲ್ಲದೆಯೂ ರಾತ್ರಿಯಿಡೀ ಹೊಸ ಕಾಗದವನ್ನೇ ಕತ್ತರಿಸಿದ್ದನೇನೋ. ಅವಳು ಹೆದರಿದ್ದಳು. ಹೆದರಿ ಇಳಿಸಿದ್ದಳು.

"ಏನಕ್ಕಾ ನೋಡ್ತಿದೀರಾ?"

"ಏನಿಲ್ಲ, ಚೂರು."

"ಎಷ್ಟೊಂದು ಮೂಟೆ ಅಲ್ವಾ!" ಮಗಳ ಮುಖ ಮೊದಲ ಬಾರಿಗೆ ಅರಳಿತು. "ನಮ್ಮನೆಯವರು ಆಡ್ಕೋತಾರೆ, ನಿಮ್ಮಪ್ಪ ಕೆಲಸ ಇಲ್ದೆ ನೊಣ ಹೊಡೀತಿದ್ರು ಅಂತ. ಇಷ್ಟು ಕತ್ತರಿಸಿದೋರು ನೊಣ ಹೊಡೀತಿದ್ರಾ? ನೀವೇ ಹೇಳಿ, ದಿನಾ ಕಿವಿಯಾರೆ ಕೇಳಿದೀರಲ್ಲ."

"ಕೇಳಿದೀನಿ." ಅವಳು ಬಿಚ್ಚಿದ ಮೂಟೆಯ ಬಾಯಿ ಕಟ್ಟಿದಳು. "ರಾತ್ರಿಯೆಲ್ಲ ಕೆಲಸ ಇರ್ತಿತ್ತು ಅವರಿಗೆ."

"ಇವನ್ನ ಯಾವನಾದ್ರೂ ರದ್ದಿಯವನಿಗೆ ಕೊಟ್ಟುಬಿಡ್ತೀನಿ."

"ಬೇಡ," ಎಂದಳು ಅವಳು, ಬೇಕಾದ್ದಕ್ಕಿಂತ ಜೋರಾಗಿ. ಮೂಟೆ ಬಿಚ್ಚಿದ ಕೂಡಲೇ ರದ್ದಿಯವನು 'ಇದೇನು, ಬರೀ ಬಿಳಿ ಹಾಳೆ' ಎಂದಾನು. "ನಮ್ಮಂಗಡೀದರ ಜೊತೆ ನಾನೇ ಸಾಗಿಸ್ತೀನಿ. ನೀನು ಅಪ್ಪನ ಹತ್ರ ಹೋಗಮ್ಮ."

ಸಂಜೆ ಗಂಡ ಮೇಲಿಂದ ಕೂಗಿದ. "ಕ್ಲಾಸಿಗೆ ಹೊತ್ತಾಯ್ತಲ್ಲೇ! ಮೇಷ್ಟ್ರು ಕಾಯ್ತಿರ್ತಾರೆ, ನಿನ್ನ ಭಾಷಣಕ್ಕೆ."

"ಹೋಗಲ್ಲ."

"ಯಾಕೆ, ಏನಾಯ್ತು?"

ಅವಳು ತನ್ನಂಗಡಿಯ ಹಿಂಬದಿಯಲ್ಲಿ ನೆಲದ ಮೇಲೆ ಕೂತಿದ್ದಳು. ಎದುರಿಗೆ ಅಜ್ಜನ ಮೂಟೆಗಳಿಂದ ಸುರಿದ ಬಿಳಿಯ ಗುಡ್ಡೆ. ಮಗಳಿಗೆ ಹೇಳುವಂಥದ್ದಲ್ಲ, ಮೇಷ್ಟ್ರಿಗೂ ಅಲ್ಲ. ಗಂಡನಿಗೆ ಹೇಳಬಹುದೇ ಎಂದು ಒಂದು ಗಳಿಗೆ ಯೋಚಿಸಿದಳು.

"ಏನೂ ಆಗಿಲ್ಲ," ಎಂದಳು.

ತನ್ನ ಕಸದ ಡಬ್ಬಿಯನ್ನು ಗುಡ್ಡೆಯ ಮೇಲೆ ಬೋರಲು ಹಾಕಿದಳು. ಕೆಂಪು, ನೀಲಿ, ಗೋಂದು ಹತ್ತಿದ ಸಣ್ಣ ಸಣ್ಣ ಎಳೆಗಳು ಉದುರಿದವು. ಎರಡೂ ಕೈ ಮೊಣಕೈತನಕ ಇಳಿಸಿ, ಯಾವುದು ಯಾರದೆಂದು ಗೊತ್ತಾಗದ ಹಾಗೆ, ಕಲೆಸತೊಡಗಿದಳು.