ಅಡುಗೆಯವನ ಎದೆಯ ನೀರು

ಎಲ್ಲಿಂದ ಶುರು ಮಾಡಲಿ, ಎದೆಯಿಂದಲೋ ಲಿವರ್‌ನಿಂದಲೋ? ಕ್ಯಾಂಟೀನಿನ ಅಡುಗೆಯವನಿಗೂ ಇದೇ ಗೊಂದಲ. ಏದುಸಿರು ಬಿಡುತ್ತಿದ್ದುದು ಎದೆ. ಕೆಟ್ಟಿದ್ದು ಲಿವರ್ ಅಂತೆ. ಲಿವರ್ ಗಟ್ಟಿಯಾಗಿ ಹೊಟ್ಟೆಯಲ್ಲಿ ನೀರು ಕೂಡಿ, ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯ ಸಣ್ಣ ತೂತುಗಳಲ್ಲಿ ನುಸುಳಿ, ಬಲ ಶ್ವಾಸಕೋಶದ ಸುತ್ತ ತುಂಬಿದೆ ಎಂದರು ಡಾಕ್ಟರಮ್ಮ.

"ನೀರು ಮೇಲಕ್ಕೂ ಹತ್ತುತ್ತಾ?" ಎಂದು ಅವನು ಜೊತೆಗಿದ್ದ ಅಕ್ಕನನ್ನು ಕೇಳಿದ. ಅವಳಿಗೂ ಗೊತ್ತಿರಲಿಲ್ಲ. (ನನಗೂ. ಬರೆಯುವವನಿಗೆ ಎಲ್ಲ ಗೊತ್ತು ಅನ್ನುವುದು ನಿಮ್ಮ ಭ್ರಮೆ.)

೧. ಮೊದಲ ಡ್ರಾಫ್ಟಿನಲ್ಲಿ ಅವನನ್ನು ಕುಡುಕನನ್ನಾಗಿ ಮಾಡಿದ್ದೆ. ತಕರಾರು ತೆಗೆದ. "ಸಾರ್, ನಾನು ಒಂದು ತೊಟ್ಟೂ ಮುಟ್ಟಿದವನಲ್ಲ. ಲಿವರ್ ಅಂದ ಕೂಡಲೇ ನೆಂಟರೆಲ್ಲ ಒಂಥರಾ ನೋಡ್ತಾರೆ. ನೀವೂನಾ?"

ಹರಿದು ಹಾಕಿದೆ. ಅವನದು ಸಕ್ಕರೆ ಕಾಯಿಲೆ, ಕೊಬ್ಬು ಕಟ್ಟಿದ ಲಿವರ್.

೩. (ಎರಡನೆಯದು ನನಗೇ ಬೋರಾಯಿತು.) ಸೂಜಿ ಚುಚ್ಚಿ ನೀರು ತೆಗೆದಾಗ ಉಸಿರು ಹಗುರಾಯಿತು. ನೀರಿಳಿಸುವ ಮಾತ್ರೆ ಬರೆದು, ಉಪ್ಪು ಕಡಿಮೆ ಮಾಡಿ ಎಂದರು. ಉಪ್ಪು ನೋಡುವುದೇ ಅವನ ಕಸುಬು! ರುಚಿ ನೋಡಿ ಉಗುಳತೊಡಗಿದ. ಮನೆಯಲ್ಲಿ ಅಕ್ಕ ಉಪ್ಪಿನ ಡಬ್ಬಿ ಬಚ್ಚಿಟ್ಟು ತಾನೂ ಸಪ್ಪೆ ಉಂಡಳು. ಆದರೂ ನೀರು ಮತ್ತೆ ತುಂಬಿತು. ಕದ್ದು ತಿಂದೆಯಾ ಎಂದು ಅಕ್ಕ ಕೇಳಿದ್ದಕ್ಕೆ ಅವನು ತಟ್ಟೆ ಬಿಟ್ಟು ಎದ್ದುಹೋದ. ಪಥ್ಯ ಮಾಡಿದರೂ ಕೆಲವರಿಗೆ ಹೀಗಾಗುತ್ತೆ ಎಂದು ಡಾಕ್ಟರಮ್ಮ ಹೇಳಿದ ಮೇಲೆ, ಅಕ್ಕ ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ಕೈ ಹಿಡಿದು ನಿಂತಳು.

ಎದೆಗೊಂದು ನಳಿಕೆ ಇಟ್ಟುಬಿಡಿ ಎಂದು ಅವನು ಗೋಗರೆದ. ಸೋಂಕಾಗುತ್ತೆ, ಮೈಯ ಸತ್ವವೆಲ್ಲ ಸೋರಿಹೋಗುತ್ತೆ ಎಂದು ಡಾಕ್ಟರಮ್ಮ ಒಪ್ಪಲಿಲ್ಲ. ಲಿವರ್ ಒಳಗೆ ರಕ್ತಕ್ಕೆ ಬೇರೆ ದಾರಿ ಮಾಡುವ ಸ್ಟೆಂಟ್ ಹಾಕಬಹುದು. ಉಸಿರು ಸಲೀಸಾದೀತು, ಆದರೆ ತಲೆ ಮಂಕಾಗುವ ಅಪಾಯವಿದೆ ಎಂದರು.

"ನಿನ್ನ ಗುರುತೇ ಸಿಗದೆ ಹೋದ್ರೆ ಅಕ್ಕಾ?"

"ನಂಗೆ ನಿನ್ನ ಗುರುತು ಇರುತ್ತಲ್ಲ."

ಹಾಕಿಸಿಕೊಂಡ.

೪. ಈಗ ಮುಕ್ತಾಯ. ಅ) ನೀರು ಇಳಿಯಿತು, ಕ್ಯಾಂಟೀನಿಗೆ ಮರಳಿದ. ಆ) ನೀರು ಇಳಿಯಿತು, ಅಕ್ಕನನ್ನು ಯಾರು ನೀವು ಎಂದ. ಯಾವುದನ್ನು ಇಟ್ಟುಕೊಳ್ಳಲಿ ಎಂದು ಅವನನ್ನೇ ಕೇಳಲು ಮಧ್ಯಾಹ್ನ ವಾರ್ಡಿಗೆ ಹೋದೆ. ಮಲಗಿದರೆ ಉಸಿರು ಕಟ್ಟುತ್ತದೆಂದು ತಿಂಗಳುಗಟ್ಟಲೆ ಕೂತೇ ತೂಕಡಿಸಿದ್ದವನು ಅಂಗಾತ ಮಲಗಿ ನಿದ್ದೆಹೋಗಿದ್ದ. ಎದೆ ನಿಧಾನಕ್ಕೆ ಏರಿ ಇಳಿಯುತ್ತಿತ್ತು.

ಎದ್ದ ಮೇಲೆ ಹೇಗಿರುತ್ತಾನೆ ಎಂದು ಅಕ್ಕನನ್ನು ಕೇಳಿದೆ.

"ಗೊತ್ತಿಲ್ಲ. ಎಬ್ಬಿಸಬೇಡಿ," ಅಂದಳು.

ಸದ್ದಾಗದಂತೆ ಕುರ್ಚಿ ಎಳೆದುಕೊಂಡು ನಾನೂ ಕೂತೆ.