ಕದ್ರಿ ಪಾರ್ಕಿನಲ್ಲಿ ಚನಿಯಪ್ಪನ ಕಣ್ಣಳತೆ

ಕದ್ರಿ ಪಾರ್ಕಿನ ಈ ಸಿಮೆಂಟು ಬೆಂಚಿನ ಮೇಲೆ ಕೂತು ಪಡುವಣಕ್ಕೆ ಮುಖ ಮಾಡಿದರೆ ಸಾಕು, ನಡುಗಡಲಿನಲ್ಲಿ ನಿಂತ ಹಡಗಿನ ಕಪ್ತಾನ ಮೀಸೆ ಕತ್ತರಿಸುವಾಗ ಎಡಬದಿಯಲ್ಲಿ ಒಂದು ಕೂದಲು ಬಿಟ್ಟುಹೋದದ್ದು ಚನಿಯಪ್ಪನಿಗೆ ಸ್ಪಷ್ಟ ಕಾಣುತ್ತದೆ, ಇಂಥ ಕಣ್ಣು ಬಂಟ್ವಾಳ ತಾಲೂಕಿಗೆಲ್ಲ ಒಂದೇ ಜೊತೆ, ಅದಕ್ಕೇ ಮೊಮ್ಮಗಳು ಮೋಕ್ಷಿತಾ ಕೇಳಿದ್ದಕ್ಕೆಲ್ಲ ಅವನ ಹತ್ತಿರ ಉತ್ತರ ಉಂಟು — ಅಜ್ಜ, ಆ ಮರದ ಮೇಲೆ ಎಂಥದು, ಅದಾ, ಅದು ಗಿಳಿ, ಗಂಡು ಗಿಳಿ, ಹೆಂಡತಿ ಹತ್ತಿರ ಜಗಳ ಮಾಡಿ ಬಂದು ಕೂತಿದೆ, ಅಲ್ಲ ಅಜ್ಜ, ಅದು ಗಾಳಿಪಟ, ಹೌದು, ಗಾಳಿಪಟದ ಹಿಂದೆ ಉಂಟು ಗಿಳಿ, ನಿನ್ನದು ಎಳೆ ಕಣ್ಣು, ಅಷ್ಟು ಒಳಗೆ ಹೋಗುವುದಿಲ್ಲ — ಹುಡುಗಿ ನಂಬಿದಳೋ ಬಿಟ್ಟಳೋ, ಜಾರುಬಂಡೆಯ ಕಡೆ ಓಡಿದಳು, ಕೆಂಪು ಅಂಗಿ ಹಸಿರಿನ ಮೇಲೆ ಸ್ವಲ್ಪ ದೂರ ಕೆಂಪಾಗಿಯೇ ಹೋಯಿತು, ಆಮೇಲೆ ಕೆಂಪು ತೆಳುವಾಯಿತು, ಆಮೇಲೆ ಹಸಿರು ಮಾತ್ರ ಉಳಿಯಿತು, ನೀರು ಬಿದ್ದ ಚಿತ್ರದ ಹಾಗೆ ಅಂಚಿಲ್ಲದ ಹಸಿರು, ಈ ಮಳೆಗಾಲದಿಂದ ಲೋಕವೇ ಹಾಗಿದೆ, ಅದರಲ್ಲಿ ಲೋಕದ್ದೇ ಏನೋ ತಪ್ಪಿರಬೇಕು.

ಆದರೂ ಪಾರ್ಕು ಒಳ್ಳೆಯದು, ಕೊಯ್ದ ಹುಲ್ಲಿನ ವಾಸನೆ ತಾನಾಗಿ ಮೂಗಿಗೆ ಬರುತ್ತದೆ, ಚರುಮುರಿಯವನು ಈರುಳ್ಳಿಯ ಮೇಲೆ ತೆಂಗಿನೆಣ್ಣೆ ಬಿಟ್ಟದ್ದು ಇಲ್ಲಿಯವರೆಗೂ ಬರುತ್ತದೆ, ಯಾರೂ ಬಂದು ಅದನ್ನು ಓದು ಇದನ್ನು ನೋಡು ಎನ್ನುವುದಿಲ್ಲ, ಕಾಲು ಚಾಚಿದರೆ ಹುಲ್ಲು ತಣ್ಣಗೆ, ಇಷ್ಟು ದೊಡ್ಡ ಜಾಗದಲ್ಲಿ ಒಂದು ಗೇರೂ ಹಾಕಬೇಕಾಗಿಲ್ಲ, ಬ್ರೇಕೂ ಬೇಡ, ಪಕ್ಕದಲ್ಲಿ ಹೆಂಡತಿ ಅಮ್ಮಣಿ ಕ್ರೋಟನ್ ಗಿಡದ ಒಂದು ಗೆಲ್ಲನ್ನು ಚಟಕ್ಕೆಂದು ಮುರಿದು ಸೆರಗಿನೊಳಗೆ ಹಾಕಿದ್ದು ಕೇಳಿಸಿತು, ಕಳ್ಳಿ, ಸಿದ್ಧಕಟ್ಟೆಯ ಮನೆಯಂಗಳದಲ್ಲಿ ಇರುವ ಗಿಡಗಳೆಲ್ಲ ಹೀಗೆ ಸೆರಗಿನೊಳಗೆ ಪ್ರಯಾಣ ಮಾಡಿದವೇ — ಹೊತ್ತು ಇಳಿಯುತ್ತಿದೆ, ಹೊರಡುವ ಎಂದ, ಎಂಥ ಅವಸರ ನಿಮಗೆ, ದೀಪ ಹಾಕಿದ ಮೇಲೆ ಹೋಗುವ, ಮಗುವಿಗೆ ನೋಡಬೇಕಂತೆ ಎಂದಳು, ಅವನು ಹೆಡ್‌ಲೈಟೇ ಇಲ್ಲದ ಬಸ್ಸನ್ನು ಆಟಿ ತಿಂಗಳ ಮಳೆಯಲ್ಲಿ ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಮಿಂಚಿನ ಬೆಳಕಿನಲ್ಲೇ ತಂದ ಕಥೆಯನ್ನು ಇನ್ನೊಮ್ಮೆ ಹೇಳಿದ, ಮಿಂಚು ಕೂಡ ಅವನಿಗೆ ಬೇಕಾದ ತಿರುವಿನಲ್ಲೇ ಮಿಂಚಿತ್ತು, ಅಂಥವನಿಗೆ ಕತ್ತಲೆ ಯಾವ ಲೆಕ್ಕ, ಅಂಗಿಯ ಕಿಸೆಯಲ್ಲಿ ಓಮ್ನಿ ವ್ಯಾನಿನ ಕೀ ಎದೆಗೆ ಚುಚ್ಚುತ್ತದೆ, ಬೆಳಗ್ಗೆ ಬರುವಾಗ ಬಿ.ಸಿ. ರೋಡಿನಿಂದ ಒಂದು ಟ್ಯಾಂಕರಿನ ಬೆನ್ನು ಹಿಡಿದು ಬಂದದ್ದಾಯಿತು, ಸಂಜೆಗೆ ಎದುರು ಬರುವ ದೀಪಗಳೆಲ್ಲ ಬಿರಿದ ಹೂವಿನ ಹಾಗೆ ಹರಡುತ್ತವೆ, ದಾರಿ ಆ ಹೂವಿನೊಳಗೆ ಎಲ್ಲಿಯೋ ಇರುತ್ತದೆ — ದಿನಾ ಓಡಿಸುವ ಬಸ್ಸಿನ ದಾರಿಯಾದರೆ ಬೇರೆ, ಬಂಟ್ವಾಳ, ರಾಯಿ, ಸಿದ್ಧಕಟ್ಟೆ, ಮೂಡುಬಿದಿರೆ, ಅದು ಕೈಯೊಳಗೇ ಉಂಟು, ತಿರುವುಗಳನ್ನು ಭುಜ ಹೇಳುತ್ತದೆ, ಹೊಂಡಗಳನ್ನು ಸೊಂಟ ಹೇಳುತ್ತದೆ, ಆದರೆ ನಿನ್ನೆ ಇಲ್ಲದ್ದು ಇವತ್ತು ದಾರಿಯಲ್ಲಿದ್ದರೆ ಅದನ್ನು ಯಾರು ಹೇಳಬೇಕು, ಮೊನ್ನೆ ರಾಯಿಯ ಹತ್ತಿರ ಮುಂದಿನ ಚಕ್ರದಡಿ ದಡ್ ಎಂದಿತು, ಕಂಡಕ್ಟರ್ ಅಝೀಮ್ ಬಾಗಿಲಿನಿಂದ ಬಗ್ಗಿ ನೋಡಿ ಸೋಗೆ ಅಣ್ಣ, ಅಡಿಕೆ ಸೋಗೆ ಎಂದ, ಸೋಗೆಯೇ ಇರಬೇಕು, ಮರುದಿನ ಅದೇ ಜಾಗದಲ್ಲಿ ಕಂದು ಬಣ್ಣದ್ದೇನೋ ರಸ್ತೆಗೆ ಅಂಟಿಕೊಂಡಿತ್ತು, ಸೋಗೆಯೂ ಕಂದೇ, ನಾಯಿಯೂ ಕಂದೇ, ಅಝೀಮನನ್ನು ಇನ್ನೊಮ್ಮೆ ಕೇಳಲಿಲ್ಲ.

ಚನಿಯಪ್ಪಣ್ಣ ಅಲ್ವಾ, ಎಂದಿತು ಒಂದು ದನಿ, ಮುಖ ಬರುವ ಮೊದಲೇ ದನಿಯಲ್ಲಿ ಆಳು ಬಂದುಬಿಡುತ್ತಾನೆ, ಮಮ್ಮು, ಅದೇ ಲೈನಿನಲ್ಲಿ ಇವನಿಗೆ ಎದುರು ಬರುವ ಬಸ್ಸಿನ ಡ್ರೈವರು, ಬೀಡಿಯ ವಾಸನೆ, ಅತ್ತರಿನ ವಾಸನೆ, ಹೆಂಡತಿ ಹಸ್ನಾ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿ ಕೂತಿದ್ದಾಳೆ ಎಂದು ಎಲ್ಲಿಗೋ ತೋರಿಸಿದ, ಚನಿಯಪ್ಪ ಆ ಎಲ್ಲಿಗೋ ತಲೆಯಾಡಿಸಿದ, ಸುಖದುಃಖ ಆಯಿತು, ಡೀಸೆಲು ಆಯಿತು, ಆಮೇಲೆ ಮಮ್ಮು ಗಂಟಲು ಸರಿಮಾಡಿಕೊಂಡ, ಒಂದು ಮಾತು ಕೇಳ್ತೇನೆ, ಬೇಸರ ಮಾಡಬೇಡಿ, ಮಳೆಗಾಲದಿಂದ ನೋಡ್ತಾ ಇದ್ದೇನೆ, ನಾನು ದಿನಾ ಕೈ ಎತ್ತುತ್ತೇನೆ, ನೀವು ಎತ್ತುವುದಿಲ್ಲ, ನನ್ನಿಂದ ಎಂಥ ತಪ್ಪಾಯಿತು — ಚನಿಯಪ್ಪನ ಒಳಗೆ ಏನೋ ನಿಂತಿತು, ಎಂಜಿನ್ ಆಫಾದ ಹಾಗೆ, ಎದುರು ಬಸ್ಸು ಬಂದರೆ ಸ್ಟೇರಿಂಗಿನಿಂದ ಅಂಗೈ ಎತ್ತುವುದು ಆ ಲೈನಿನ ಕ್ರಮ, ಟೈಮಿಂಗಿಗೆ ಹೊಡೆದಾಡಿ ಮಾತು ಬಿಟ್ಟವರೂ ಅಂಗೈ ಎತ್ತುತ್ತಾರೆ, ಬಾಯಿಗೆ ಜಗಳ, ಕೈಗೆ ಇಲ್ಲ, ಹಾಗಾದರೆ ಇಷ್ಟು ದಿನ ಎದುರು ಬಸ್ಸಿನ ಗಾಜಿನ ಬಿಳಿ ಹೊಳಪಿನೊಳಗೆ ಒಂದು ಅಂಗೈ ಇತ್ತು, ದಿನಾ ಬಂದು ದಿನಾ ಹಿಂದೆ ಹೋಗುತ್ತಿತ್ತು — ಎಲ್ಲರೂ ಹೇಳ್ತಾರೆ, ಹೊಸ ಬಸ್ಸು ಸಿಕ್ಕಿದ ಮೇಲೆ ಚನಿಯಪ್ಪಣ್ಣನಿಗೆ ಗತ್ತು ಬಂದಿದೆಯಂತೆ, ಎಂದ ಮಮ್ಮು, ಗತ್ತು, ಆ ಶಬ್ದ ಚನಿಯಪ್ಪನಿಗೆ ನೆರಳಿನ ಹಾಗೆ ತಂಪಾಗಿ ಸಿಕ್ಕಿತು, ಅದರಡಿ ನುಗ್ಗಿ ಕೂತ, ಹೌದು ಮಮ್ಮು, ನಾನು ಸ್ಟೇರಿಂಗ್ ಹಿಡಿದಾಗ ನೀನು ಚಡ್ಡಿಯಲ್ಲಿದ್ದೆ, ದಾರಿಯಲ್ಲಿ ಬಂದವರಿಗೆಲ್ಲ ಕೈ ಎತ್ತುತ್ತಾ ಕೂತರೆ ಬಸ್ಸು ಓಡಿಸುವುದು ಯಾವಾಗ, ಎಂದ, ಹೇಳುವಾಗ ನಾಲಿಗೆ ಎಡವಲಿಲ್ಲ, ಆಯಿತು ಅಣ್ಣ, ನಾವು ಸಣ್ಣವರು ಎಂದ ಮಮ್ಮು, ಅತ್ತರು ಎದ್ದು ಹೋಯಿತು.

ಅಷ್ಟು ಹೇಳಬಾರದಿತ್ತು ನೀವು, ನಿಮಗೆ ಜ್ವರ ಬಂದಾಗ ಆಸ್ಪತ್ರೆಗೆ ಗಂಜಿ ತಂದವ ಅವ, ಎಂದಳು ಅಮ್ಮಣಿ, ಬೆಳಕು ಬೂದಿಯಾಗುತ್ತಿದೆ, ಮೋಕ್ಷಿತಾ ಏದುಸಿರು ಬಿಡುತ್ತಾ ಬಂದು ಮೊಣಕಾಲಿಗೆ ಒರಗಿದಳು, ಅಜ್ಜ, ಆ ಮಾಮ ತಿರುಗಿ ನಿಂತಿದ್ದಾರೆ, ಕೈ ಎತ್ತಿದ್ದಾರೆ ನಿಮಗೆ, ಹೌದಾ, ಅಷ್ಟು ಕೇಳಿಯೂ ಎತ್ತಿದನಾ, ಅಂಗೈ, ಮತ್ತೆ ಆ ಅಂಗೈ, ಚನಿಯಪ್ಪನ ಕೈ ತಾನಾಗಿ ಮೇಲೆ ಹೋಯಿತು, ಎದುರು ನಿಂತ ಎತ್ತರದ ಕಪ್ಪಿಗೆ ಗಂಭೀರವಾಗಿ ಅಂಗೈ ತೋರಿಸಿದ, ಅದು ಕದಲಲಿಲ್ಲ, ಮೋಕ್ಷಿತಾ ನಕ್ಕಳು, ಅಜ್ಜ, ಅದು ದೀಪದ ಕಂಬ, ಮಾಮ ಈ ಕಡೆ ಇದ್ದಾರೆ, ಅಮ್ಮಣಿ ನಗಲಿಲ್ಲ, ಅವಳ ಸೆರಗಿನಿಂದ ಗೆಲ್ಲು ನೆಲಕ್ಕೆ ಬಿತ್ತು, ಅದರ ಸದ್ದೂ ಕೇಳಿಸಿತು, ಬರುವಾಗ ಹೇಗೆ ಓಡಿಸಿದಿರಿ ನೀವು, ಎಂದಳು, ಬಹಳ ಸಣ್ಣ ದನಿ, ಮಗು ಎದುರು ಸೀಟಿನಲ್ಲಿ ಇತ್ತು — ಚನಿಯಪ್ಪನ ಬಾಯಿಗೆ ನಾಲ್ಕಾರು ಉತ್ತರ ಒಟ್ಟಿಗೇ ಬಂದವು, ಕಂಬಕ್ಕೇ ನಮಸ್ಕಾರ ಮಾಡಿದ್ದು, ಸೂರ್ಯ ಕಣ್ಣಿಗೆ ಹೊಡೆಯಿತು, ಮಮ್ಮುವಿಗೆ ಬೇಕೆಂದೇ ಕೊಬ್ಬು ತೋರಿಸಿದ್ದು, ಒಂದಕ್ಕಿಂತ ಒಂದು ಚಂದ, ಅಷ್ಟರಲ್ಲಿ ಮೋಕ್ಷಿತಾ, ಬರುವಾಗ ಬೋರ್ಡೆಲ್ಲ ನಾನೇ ಓದಿದ್ದು ಅಲ್ವಾ ಅಜ್ಜ, ಫರಂಗಿಪೇಟೆ, ಅಡ್ಯಾರು, ಪಡೀಲು, ಕೆಂಪು ಲೈಟು ಸಹ ನಾನೇ ಹೇಳಿದ್ದು, ಎಂದಳು, ಶಾಲೆಯಲ್ಲಿ ಬಹುಮಾನ ಬಂದವಳ ಹಾಗೆ, ಆ ದನಿಯ ಮೇಲೆ ಇನ್ನೊಂದು ಸುಳ್ಳನ್ನು ಇಡಲು ಜಾಗವಿರಲಿಲ್ಲ.

ಕಾಣುವುದಿಲ್ಲ ಮಾರಾಯ್ತಿ, ಎಂದ ಚನಿಯಪ್ಪ, ಮಳೆಗಾಲದಿಂದ ಕಾಣುವುದಿಲ್ಲ, ಹಡಗು ಬಿಡು, ನಿನ್ನ ಮುಖವೇ ಸರಿ ಕಾಣುವುದಿಲ್ಲ, ಬಸ್ಸನ್ನು ನೆನಪಿನಲ್ಲಿ ಓಡಿಸುತ್ತಿದ್ದೇನೆ, ಮೊನ್ನೆ ಚಕ್ರದಡಿ ಬಿದ್ದದ್ದು ಎಂಥದು ಅಂತ ನನಗೆ ಗೊತ್ತಿಲ್ಲ, ಹೇಳಿ ಮುಗಿಸಿದಾಗ ಏನೂ ಆಗಲಿಲ್ಲ, ಮಕ್ಕಳ ರೈಲು ಸೀಟಿ ಹಾಕಿತು, ಎಲ್ಲಿಯೋ ದೀಪ ಹತ್ತಿಕೊಂಡು ಮಕ್ಕಳೆಲ್ಲ ಓ ಎಂದವು, ಮೋಕ್ಷಿತಾ ಮಾತ್ರ ಆ ಕಡೆ ಓಡಲಿಲ್ಲ, ಅವನ ಬೆರಳು ಹಿಡಿದೇ ನಿಂತಳು, ಮಮ್ಮುವನ್ನು ಕರಿ, ಎಂದ, ಅಮ್ಮಣಿ ಕರೆದಳು, ಅತ್ತರು ಹತ್ತಿರ ಬಂತು, ಅವಳು ಅವನಿಗೆ ಏನು ಹೇಳಿದಳೋ, ಮೆಲ್ಲಗೆ ಹೇಳಿದಳು, ಚನಿಯಪ್ಪ ಕಿಸೆಯಿಂದ ಓಮ್ನಿಯ ಕೀ ತೆಗೆದು ಅತ್ತರು ಬಂದ ಕಡೆಗೆ ಚಾಚಿದ, ಆಗ ಆ ಬೂದಿಯೊಳಗಿನಿಂದ ಬಂತು, ಹತ್ತಿರ, ಇನ್ನೂ ಹತ್ತಿರ, ಸ್ಟೇರಿಂಗ್ ಹಿಡಿದು ಹಿಡಿದು ದಡ್ಡುಗಟ್ಟಿದ್ದು, ಗೆರೆಗೆರೆ ಕಾಣುವಷ್ಟು ಹತ್ತಿರ ಬಂದು ಕಣ್ಣ ಮುಂದೆ ನಿಂತಿತು, ಬಿಚ್ಚಿದ ಒಂದು ಅಂಗೈ.