ನೆಲದ ಬಾಗಿಲು

"ಇನ್ನೊಂದು ಏಟು ಹಾಕು ಮಾವ," ಎಂದು ಸೊಸೆ ನೆಸ್ಟಾ ಏಣಿಯನ್ನು ಒತ್ತಿ ಹಿಡಿದಳು.

ವಿಲ್ಫ್ ಮರದ ಸುತ್ತಿಗೆಯಿಂದ ತಲೆಯ ಮೇಲೆ, ಮಾಳಿಗೆಯ ನೆಲದಲ್ಲಿ ಕೂರಿಸಿದ್ದ ಹಲಗೆಬಾಗಿಲಿಗೆ ಹೊಡೆದ. ಧೂಳು ಉದುರಿತೇ ಹೊರತು ಬಾಗಿಲು ಅಲುಗಲಿಲ್ಲ. ಮೇಲಿನ ಕೋಣೆಯಲ್ಲಿ ಅವನ ಹೆಂಡತಿ ಹೆಸ್ಟರ್ ತಾನೇ ಹೆಣೆದ ನೀಲಿ ಶಾಲು ಹೊದ್ದು ಮಲಗಿದ್ದಳು. ಕೆಳಗೆ ಅಂಗಡಿಯಲ್ಲಿ, ಉಣ್ಣೆಯ ಉಂಡೆಗಳ ನಡುವೆ, ಶವಪೆಟ್ಟಿಗೆ ಕಾಯುತ್ತಿತ್ತು. ಚರ್ಚಿನ ಗಂಟೆ ಆಗಲೇ ಒಮ್ಮೆ ಹೊಡೆದಿತ್ತು.

"ಆ ಸುತ್ತುಮೆಟ್ಟಿಲಲ್ಲಿ ಪೆಟ್ಟಿಗೆ ತಿರುಗಲ್ಲ ಸಾರ್," ಎಂದ, ಶವಸಂಸ್ಕಾರಕ್ಕೆಂದು ಶ್ರೂಸ್‌ಬರಿ ಪಟ್ಟಣದಿಂದ ಆಳುಗಳೊಂದಿಗೆ ಬಂದಿದ್ದ ಪ್ಯೂ. "ಅಮ್ಮನೋರನ್ನ ಕುರ್ಚಿಗೆ ಪಟ್ಟಿ ಬಿಗಿದು ಕೂರಿಸಿ ಇಳಿಸಿಬಿಡ್ತೀವಿ. ಹಳೇ ಮನೆಗಳಲ್ಲಿ ಈಗ ಹಾಗೇ ಮಾಡೋದು."

"ಈ ಮನೇಲಿ ಮಾಡಲ್ಲ," ಎಂದ ವಿಲ್ಫ್. "ಅವಳು ಮಲಗಿಕೊಂಡೇ ಇಳೀತಾಳೆ. ಮಾತು ಕೊಟ್ಟಿದ್ದೀನಿ."

"ನಿನ್ನ ಬೆನ್ನು ಕೆಟ್ಟ ಮೇಲೆ ಇದನ್ನ ತೆಗೆದೇ ಇಲ್ವಲ್ಲೋ," ಎಂದ ಪಕ್ಕದ ಮಾಂಸದಂಗಡಿಯ ಕ್ಲೆಮ್. "ಓಕ್ ಮರ ಉಬ್ಬಿ ಕಚ್ಚಿಕೊಂಡಿದೆ. ಅಲ್ಲಿ ಅಂಗಡೀಲಿ, ಮಣ್ಣಾದ ಮೇಲಿನ ಊಟಕ್ಕೆ ನಾನು ಕೊಯ್ದಿಟ್ಟು ಬಂದಿರೋ ಹ್ಯಾಮ್ ಮಾಂಸ ಒಣಗ್ತಿದೆ."

* * *

ಮನೆ ಕೊಂಡಾಗ ವಿಲ್ಫ್, ಹೆಸ್ಟರ್ ಇಬ್ಬರೂ ಹೊಸದಾಗಿ ಮದುವೆಯಾದವರು. ಓಕ್ ತೊಲೆಗಳ ಚೌಕಟ್ಟು, ನಡುವೆ ಮಣ್ಣು ಮೆತ್ತಿದ ಗೋಡೆ. ನೆಲ ಬೀದಿಯ ಕಡೆಗೆ ವಾಲಿತ್ತು. ಉಣ್ಣೆಯ ಉಂಡೆ ಕೈಜಾರಿದರೆ ತಾನಾಗಿ ಹೊಸಿಲವರೆಗೆ ಉರುಳುತ್ತಿತ್ತು. ಅಂಗಡಿ ಮಾಡುವಾಗ ವಿಲ್ಫ್ ಮಾಳಿಗೆ ನೆಲದ ಆ ಬಾಗಿಲನ್ನು ಹಲಗೆ ಬಡಿದು ಮುಚ್ಚಲು ಹೊರಟಿದ್ದ.

"ಅದನ್ನ ಯಾಕೆ ಮುಚ್ತೀಯಾ?" ಎಂದಳು ಹೆಸ್ಟರ್.

"ಹೆಣ ಇಳಿಸೋ ಬಾಗಿಲು ಕಣೇ. ಗಿರಾಕಿಗಳು ಹೆದರ್ತಾರೆ."

"ಅಲ್ಲೀವರೆಗೆ ಉಣ್ಣೆ ಇಳಿಸೋಣ. ಆಮೇಲೆ ನನ್ನನ್ನ ಇಳಿಸು. ಆ ಮೆಟ್ಟಿಲಲ್ಲಿ ಮಾತ್ರ ಬೇಡ ಮಾರಾಯಾ, ನಾನು ಉದ್ದ."

ಉದ್ದವೇ ಸರಿ. ಬೀದಿಬಾಗಿಲ ತೊಲೆಗೆ ಹಣೆ ಬಡಿಸಿಕೊಂಡು, ಬಡಿಸಿಕೊಂಡು, ಕೊನೆಗೆ ಬಯಲಲ್ಲಿ ನಡೆಯುವಾಗಲೂ ಅವಳ ಕತ್ತು ಬಗ್ಗಿಯೇ ಇರುತ್ತಿತ್ತು. ಸರಕು ಬಂದ ದಿನ ವಿಲ್ಫ್ ಮೇಲಿನಿಂದ ಹಗ್ಗ ಬಿಡುವನು. ಅವಳು ಕೆಳಗೆ ಕೈಯೆತ್ತಿ ನಿಂತು, "ಬಿಡು, ನಿಧಾನ," ಎನ್ನುವಳು. ಮಳೆಗೆ ಬಾಗಿಲು ಕಚ್ಚಿಕೊಂಡರೆ ಮೇಲೆ ಹೋಗಿ, ಕಿಟಕಿ ಪಕ್ಕದ ಹಲಗೆಯ ಮೇಲೆ ಕುಪ್ಪಳಿಸಿ ಅದನ್ನು ಬಿಡಿಸುವಳು.

* * *

ವಿಲ್ಫನ ಸುತ್ತಿಗೆ ಅರ್ಧಕ್ಕೆ ನಿಂತಿತು.

"ಕ್ಲೆಮ್, ಮೇಲೆ ಹೋಗಿ ಕಿಟಕಿ ಪಕ್ಕದ ಹಲಗೆ ಮೇಲೆ ನಿಂತ್ಕೋ."

"ಯಾಕೋ?"

"ಹೆಸ್ಟರ್ ಅಲ್ಲಿ ಕುಪ್ಪಳಿಸ್ತಿದ್ಲು. ನೀನು ಸುಮ್ನೆ ನಿಂತ್ರೂ ಸಾಕು."

ನೆಸ್ಟಾ ಬಾಯಿಗೆ ಕೈ ಅಡ್ಡ ಹಿಡಿದಳು. ಪ್ಯೂ ಕೆಮ್ಮಿದಂತೆ ಮಾಡಿದ. ಮೇಲೆ ತೊಲೆ ನರಳಿತು. ಬಾಗಿಲು ಟಪ್ಪನೆ ಸಡಿಲಾಯಿತು.

"ಜೀವಮಾನವೆಲ್ಲ ನನ್ನ ಹೊಟ್ಟೆ ಆಡಿಕೊಂಡ್ಳು ನಿನ್ನ ಹೆಂಡ್ತಿ," ಕ್ಲೆಮ್ ಮೇಲಿನಿಂದ ಕೂಗಿದ. "ಇವತ್ತು ಅದೇ ಬೇಕಾಯ್ತು ನೋಡು!"

ಪೆಟ್ಟಿಗೆ ಹಗ್ಗದಲ್ಲಿ ಬರಿದಾಗಿ ಮೇಲೇರಿತು. ಸ್ವಲ್ಪ ಹೊತ್ತಿಗೆ ತುಂಬಿಕೊಂಡು ಬಾಗಿಲಿನ ಬಾಯಲ್ಲಿ ಬಂದು ನಿಂತಿತು. ಮೇಲೆ ಹಗ್ಗ ಹಿಡಿದವರು ಕಾದರು. "ಬಿಡು" ಎಂದು ಹೇಳುತ್ತಿದ್ದವಳು ಹೆಸ್ಟರೇ ತಾನೆ. ವಿಲ್ಫ್ ಕೆಳಗೆ ನಿಂತು ಎರಡೂ ಕೈ ಮೇಲೆತ್ತಿದ.

"ಬಿಡ್ರಪ್ಪಾ, ನಿಧಾನ."

ಪೆಟ್ಟಿಗೆ ಬಂದು ಅವಳು ಉಣ್ಣೆ ತೂಗುತ್ತಿದ್ದ ಉದ್ದನೆಯ ಮೇಜಿನ ಮೇಲೆ ಕೂತಿತು. ನೆಲ ವಾಲಿದ್ದರಿಂದ ಅದರ ಕಾಲಿಗೆ ವಿಲ್ಫ್ ಎಂದೋ ಮರದ ಚಕ್ಕೆ ಕೊಟ್ಟು ಮಟ್ಟ ಮಾಡಿದ್ದ. ಪೆಟ್ಟಿಗೆ ಒಂದಿಷ್ಟೂ ಸರಿಯಲಿಲ್ಲ.

ಮೇಲಿದ್ದವರೂ ಇಳಿದು ಬಂದು, ಹಿಡಿಕೆಗಳಿಗೆ ಕೈಹಾಕಿ ಎತ್ತಿ ಹೊರಟರು. ಬೀದಿಬಾಗಿಲ ಬಳಿ ವಿಲ್ಫ್, ಗಿರಾಕಿಗಳಿಗೆ ಹೇಳುವಂತೆಯೇ, "ತಲೆ ಜೋಕೆ," ಎಂದ. ಕ್ಲೆಮ್ ಬಗ್ಗಿದ. ಪ್ಯೂ ಬಗ್ಗಿದ. ತೊಲೆಯ ಹತ್ತಿರಕ್ಕೂ ಎಟುಕದ ನೆಸ್ಟಾ ಕೂಡ ಬಗ್ಗಿದಳು. ಅವರೆಲ್ಲರ ನಡುವೆ ಹೆಸ್ಟರ್ ಮಾತ್ರ, ಕತ್ತು ನೆಟ್ಟಗೆ ಇಟ್ಟುಕೊಂಡು, ತೊಲೆ ದಾಟಿ ಬೀದಿಗೆ ಬಂದಳು.